ಸೌದೆ ಒಲೆ ಒಡೆದರೆ: ರಿಪೇರಿಯೋ, ಹೊಸದೋ?

ಕಬ್ಬಿಣದ ಸೌದೆ ಒಲೆಯಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ಕೆಳಗಿನ ಜಾಲರಿ, ಒಳಗೋಡೆಯ ಬೆಂಕಿ ಇಟ್ಟಿಗೆ, ಗಾಳಿ ನುಗ್ಗದಂತೆ ಬಾಗಿಲಂಚಿಗೆ ಕೂರಿಸುವ ಹಗ್ಗ, ಗಾಜು, ಹೊಗೆಯನ್ನು ತಡೆದು ತಿರುಗಿಸುವ ಬ್ಯಾಫಲ್ ಹಲಗೆ, ಇವೆಲ್ಲ ಸವೆಯಲೆಂದೇ ಇಟ್ಟವು. ಹೊಗೆಯನ್ನು ಹಿಡಿದಿಡುವ ಒಡಲು ಇನ್ನೊಂದು. ಸವೆಯುವ ಭಾಗ ಹಾಳಾಯಿತೆಂದು ಒಲೆಯನ್ನೇ ಬದಲಿಸುವುದು ದಂಡ. ಒಡಲಿಗೆ ಪೆಟ್ಟು ಬಿದ್ದಿದ್ದರೆ ಆಗ ಕೂತು ಯೋಚಿಸಬೇಕು.

ಅದನ್ನು ತಿಳಿಯುವುದು ಸುಲಭ. ಒಲೆ ಪೂರ್ತಿ ತಣಿದ ಮೇಲೆ ಬೂದಿ, ಇಟ್ಟಿಗೆ, ಬ್ಯಾಫಲ್ ಎಲ್ಲ ಹೊರಗೆ ತೆಗೆಯಿರಿ. ರಾತ್ರಿ ದೀಪ ಆರಿಸಿ, ಒಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಮುಚ್ಚಿ ಸುತ್ತ ನೋಡಿ. ಗಾಳಿ ಕಿಂಡಿ ಬಿಟ್ಟು ಬೇರೆಲ್ಲಿ ಬೆಳಕು ಕಂಡರೂ ಅಲ್ಲಿ ಸೋರಿಕೆಯಿದೆ. ಬೀಡಿನ, ಅಂದರೆ ಎರಕದ ಕಬ್ಬಿಣದ ಒಲೆಯಾದರೆ ಸಣ್ಣ ಸುತ್ತಿಗೆಯಿಂದ ತಟ್ಟಿ: ಗಟ್ಟಿ ಹಲಗೆ ಗಂಟೆಯಂತೆ ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಉಕ್ಕಿನ ತಗಡಿನ ಒಲೆಯಾದರೆ ತಳಕ್ಕೂ ಹೊಗೆಕೊಳವೆ ಕೂರುವ ಕತ್ತಿಗೂ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಬೂದಿ ತೇವ ಹೀರುವುದರಿಂದ ತಳ, ಮಳೆನೀರು ಇಳಿಯುವುದರಿಂದ ಕತ್ತು ಮೊದಲು ತುಕ್ಕು ಹಿಡಿಯುತ್ತವೆ. ಕೊನೆಗೆ ಪಕ್ಕದ ಗೋಡೆಗೆ ನೇರ ಪಟ್ಟಿ ಹಿಡಿದು ಉಬ್ಬು ಎಷ್ಟಿದೆ ಅಳೆಯಿರಿ.

ಒಲೆ ಹತೋಟಿಗೆ ಸಿಗದೆ ಧಗಧಗ ಉರಿಯುತ್ತದೆ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಬಾಗಿಲ ಹಗ್ಗವಿರುತ್ತದೆ. ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಹಗ್ಗ ಸತ್ತಿದೆ. ಹಳೆಯದರ ದಪ್ಪವನ್ನು ಒತ್ತಿಹೋದ ಕಡೆ ಅಳೆಯಬೇಡಿ. ಕೀಲಿನ ಮೂಲೆಯಲ್ಲಿ ಒತ್ತಡ ಬೀಳದ ತುಂಡು ಸಿಕ್ಕರೆ ಅದನ್ನು ಅಳೆಯಿರಿ. 6, 8, 10, 12 ಮಿ.ಮೀ. ಅಳತೆಗಳು ಸಾಮಾನ್ಯ. ಒಂದಳತೆ ದಪ್ಪಗಿದ್ದರೂ ಚಿಲಕ ಬೀಳುವುದಿಲ್ಲ, ಬಲವಂತ ಮಾಡಿದರೆ ಬೀಡಿನ ಕೀಲು ಮುರಿಯುತ್ತದೆ. ಹಲವು ದಶಕ ಹಳೆಯ ಒಲೆಯ ಹಗ್ಗದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿಗೆ ಅಪಾಯ. ನೀರು ಚಿಮುಕಿಸಿ ನೆನೆಸಿ, ಮುಖವಾಡ ಹಾಕಿ ತೆಗೆಯಿರಿ, ಒಣಗಿದ್ದನ್ನು ಕೆರೆಯಬೇಡಿ. ಹಗ್ಗ ಕೂರುವ ತೋಡನ್ನು ಚೊಕ್ಕ ಮಾಡಿ ಅಂಟು ಹಚ್ಚಿ ಹಗ್ಗವನ್ನು ಎಳೆಯದೆ ಕೂರಿಸಬೇಕು. ಎಳೆದು ಕೂರಿಸಿದ ಹಗ್ಗ ಆಮೇಲೆ ಕುಗ್ಗಿ, ತುದಿಗಳು ಸೇರುವಲ್ಲಿ ಬಾಯಿ ಬಿಡುತ್ತದೆ. ಬಾಗಿಲು ಮುಚ್ಚಿ 24 ಗಂಟೆ ಬಿಟ್ಟು ಸಣ್ಣ ಬೆಂಕಿಯಿಂದ ಶುರು ಮಾಡಿ.

ಇಟ್ಟಿಗೆಯಲ್ಲಿ ಸೀಳು ಬಂದಿದ್ದರೂ ಜಾಗ ಬಿಟ್ಟು ಕದಲದಿದ್ದರೆ ಬದಲಿಸಬೇಕಿಲ್ಲ, ಪುಡಿಯಾಗುತ್ತಿದ್ದರೆ ಬದಲಿಸಿ. ಗಾಜಿನ ಜಾಗಕ್ಕೆ ಸೆರಾಮಿಕ್ ಗಾಜೇ ಬೇಕು, ಟಫನ್ಡ್ ಗಾಜು ಈ ಶಾಖಕ್ಕೆ ಪುಡಿಪುಡಿಯಾಗುತ್ತದೆ. ಸುತ್ತ 2-3 ಮಿ.ಮೀ. ಜಾಗ ಬಿಟ್ಟು, ಸ್ಕ್ರೂಗಳನ್ನು ಕೈಬಿಗಿತಕ್ಕೇ ನಿಲ್ಲಿಸಿ. ಜಾಲರಿ ಸಿಗದಿದ್ದರೆ ಹಳೆಯದನ್ನೇ ಅಚ್ಚಾಗಿಟ್ಟು ಎರಕ ಹೊಯ್ಯಿಸಬಹುದು. ಬೀಡು ತಣಿಯುವಾಗ ಸುಮಾರು 1% ಕುಗ್ಗುತ್ತದೆ, ಅಂದರೆ 300 ಮಿ.ಮೀ. ಜಾಲರಿ 297ಕ್ಕೆ ಇಳಿಯುತ್ತದೆ. ಜಾಲರಿಗೆ ಅದು ನಡೆದೀತು, ಬಾಗಿಲ ಚೌಕಟ್ಟಿಗೆ ನಡೆಯದು.

ಇನ್ನು ಒಡಲು. ಬೀಡಿನ ಬಿರುಕಿಗೆ ನಾಲ್ಕು ಮದ್ದು ಪ್ರಯೋಗಿಸಿ ನೋಡಿದರೆ ನಾಲ್ಕೂ ಬೇರೆ ಬೇರೆ ಫಲ ಕೊಡುತ್ತವೆ. ಬೆಂಕಿಯ ಶಾಖ ತಡೆಯುವ ಫರ್ನೇಸ್ ಸಿಮೆಂಟ್ ಮೆತ್ತುವುದು ಅಗ್ಗ, ಆದರೆ ಹಲಗೆ ಹಿಗ್ಗಿ ಕುಗ್ಗುವಾಗ ಅದು ಉದುರುತ್ತದೆ. ಎರಡು ಹಲಗೆ ಸೇರುವ ಸಂದಿಗೆ ಅದು ಸರಿಯಾದ ಸಾಮಾನು, ಬಿರುಕಿಗೆ ಅಲ್ಲ. ಬೀಡನ್ನು ಕರಗಿಸದೆ ಕಂಚಿನ ಕಡ್ಡಿಯನ್ನಷ್ಟೇ ಕರಗಿಸಿ ಬೆಸೆಯುವ ಬ್ರೇಜಿಂಗ್ ಕಾಲು, ಹಿಡಿ, ಕೀಲಿನ ಕಿವಿಗಳಿಗೆ ಚೆನ್ನ. ಆ ಲೋಹ ಕರಗುವ ಮಟ್ಟಕ್ಕಿಂತ ಬಹಳ ಮೊದಲೇ ಬಲ ಕಳೆದುಕೊಳ್ಳುವುದರಿಂದ ಬೆಂಕಿ ತಾಗುವ ಗೋಡೆಗೆ ಬೇಡ. ನಿಕಲ್ ಕಡ್ಡಿಯ ವೆಲ್ಡಿಂಗ್ ಗಟ್ಟಿ, ಆದರೆ ಅದಕ್ಕೆ ಉಪಚಾರ ಹೆಚ್ಚು. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು ಅದು ಮುಂದೆ ಓಡದಂತೆ ಮಾಡಬೇಕು, ಇಡೀ ಹಲಗೆಯನ್ನು ಕನಿಷ್ಠ 260 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು, ಒಮ್ಮೆಗೆ 25 ಮಿ.ಮೀ. ಮಾತ್ರ ಬೆಸೆದು ಬಿಸಿಯಿರುವಾಗಲೇ ಹಗುರವಾಗಿ ತಟ್ಟಬೇಕು, ಆಮೇಲೆ ಒಣಮರಳಲ್ಲಿ ಹೂತು ರಾತ್ರಿಯಿಡೀ ತಣಿಸಬೇಕು. ತಣ್ಣನೆಯ ಹಲಗೆಗೆ ನೇರ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ವರ್ಷಗಟ್ಟಲೆ ಬೆಂದ ಬೀಡಿನೊಳಗೂ ತುಕ್ಕು ಇಳಿದಿರುತ್ತದೆ, ಅದು ಬೆಸುಗೆಯನ್ನೇ ಹಿಡಿಯುವುದಿಲ್ಲ, ಗುಳ್ಳೆ ಎದ್ದು ಬಿಡುತ್ತದೆ. ನಾಲ್ಕನೆಯದು 5 ಮಿ.ಮೀ. ಉಕ್ಕಿನ ತೇಪೆ: ನಡುವೆ ಸಿಮೆಂಟ್ ಹಚ್ಚಿ ಎಂ6 (6 ಮಿ.ಮೀ. ದಪ್ಪದ) ಬೋಲ್ಟಿನಿಂದ ಬಿಗಿಯುವುದು. ನೋಡಲು ಚೆಂದವಿಲ್ಲ, ಬಾಳಿಕೆ ಮಾತ್ರ ಚೆನ್ನಾಗಿದೆ. ತೇಪೆಯ ತೂತುಗಳನ್ನು ಉದ್ದವಾಗಿ ಕೊರೆದಿರಿ, ಗೋಡೆಯೂ ತೇಪೆಯೂ ಒಂದೇ ಹದಕ್ಕೆ ಹಿಗ್ಗುವುದಿಲ್ಲ. ಗ್ಯಾಲ್ವನೈಸ್ಡ್ ಬೋಲ್ಟ್ ಮಾತ್ರ ಬೇಡ, ಬಿಸಿಗೆ ಸತುವಿನ ವಿಷಹೊಗೆ ಏಳುತ್ತದೆ.

ಹಲಗೆಗಳನ್ನು ಬೋಲ್ಟಿನಿಂದ ಜೋಡಿಸಿದ ಬೀಡಿನ ಒಲೆಯಲ್ಲಿ ಸಂದಿಗಳಷ್ಟೇ ಸೋರುತ್ತಿದ್ದರೆ ಪೂರ್ತಿ ಬಿಚ್ಚಿ, ತಂತಿ ಬ್ರಷ್ ಹೊಡೆದು, ಹೊಸ ಸಿಮೆಂಟ್ ಹಾಕಿ ಕಟ್ಟಬಹುದು. ಎರಡು ದಿನದ ಕೆಲಸ. ತುಕ್ಕು ಹಿಡಿದ ಬೋಲ್ಟುಗಳ ಜತೆ ಗುದ್ದಾಡದೆ ಕತ್ತರಿಸಿಬಿಡುವುದೇ ಲೇಸು.

ಉಕ್ಕಿನ ಒಲೆಯ ಬೆಸುಗೆ ಸಾಲು ಬಿಟ್ಟಿದ್ದರೆ ರಿಪೇರಿಗೆ ಹೆದರಬೇಕಿಲ್ಲ: ಲೋಹ ಹೊಳೆಯುವವರೆಗೆ ವಿ ಆಕಾರದಲ್ಲಿ ಗ್ರೈಂಡ್ ಮಾಡಿ ಮತ್ತೆ ಬೆಸೆಯಿರಿ. ತಗಡೇ ತೆಳುವಾಗಿ ಪದರಪದರ ಉದುರುತ್ತಿದ್ದರೆ ಬೇಡ. ಅಲ್ಲಿ ಕಡ್ಡಿ ಇಟ್ಟರೆ ತೂತು ದೊಡ್ಡದಾಗುತ್ತದೆ ಅಷ್ಟೆ. ತೂತಿಗೊಂದು ತೇಪೆ, ತೇಪೆಗೊಂದು ತೇಪೆ, ಕೊನೆಗೆ ಮೂಗಿಗಿಂತ ಮೂಗುತಿ ಭಾರ.

ಹೊಸ ಒಲೆಯ ಕಡೆಯ ವಾದವೂ ಗಟ್ಟಿಯೇ. ಬ್ಯಾಫಲ್, ಮೇಲಿನಿಂದ ಬಿಸಿಗಾಳಿ ಬಿಡುವ ವ್ಯವಸ್ಥೆ ಎರಡೂ ಇಲ್ಲದ ಹಳೆಯ ಒಲೆಯಲ್ಲಿ ಸೌದೆಯ ಶಾಖದ ಅರ್ಧದಷ್ಟು ಕೊಳವೆಯಲ್ಲೇ ಹೋಗುತ್ತದೆ. ಒಳ್ಳೆಯ ಹೊಸ ಒಲೆ 70-80% ಶಾಖ ಉಳಿಸಿಕೊಡುತ್ತದೆ. ಆದರೆ ಸೌದೆಯ ತೇವ 20%ಕ್ಕಿಂತ ಕಡಿಮೆ ಇದ್ದರೆ ಮಾತ್ರ. ಹಸಿ ಸೌದೆ ಹಾಕುವವರಿಗೆ ಈ ಲಾಭ ಸಿಗುವುದಿಲ್ಲ. ಹೊಸದರ ಜತೆ ಬರುವ ಕೆಲಸಗಳೂ ಇವೆ. ಹಳೆಯ ಕೊಳವೆ 200 ಮಿ.ಮೀ., ಹೊಸದರ ಬಾಯಿ 150 ಆಗಿದ್ದರೆ ಹೊಗೆ ಅಗಲ ಕೊಳವೆಯಲ್ಲಿ ತಣಿದು ಕ್ರಿಯೋಸೋಟ್ ಟಾರು ಕಟ್ಟುತ್ತದೆ, ಆ ಟಾರು ಒಂದು ದಿನ ಹೊತ್ತಿಕೊಳ್ಳಬಹುದು. ಹಾಗಾಗಿ ಒಳಗೊಂದು 150ರ ಕೊಳವೆ ಇಳಿಸಬೇಕು. ಒಲೆ ಕೂರುವ ಕಟ್ಟೆ, ಗೋಡೆಯಿಂದ ಬಿಡಬೇಕಾದ ದೂರ ಎಲ್ಲ ಮತ್ತೆ ಅಳೆಯಬೇಕು.

ತೀರ್ಪು ಕೇಳಿದರೆ: ಬೆಂಕಿ ತಾಗುವ ಗೋಡೆಯಲ್ಲಿ ಒಂದೇ ಬಿರುಕು, ಹಲಗೆ ನೆಟ್ಟಗಿದೆ, ಬಿಡಿಭಾಗ ಸಿಗುತ್ತದೆ ಎಂದಾದರೆ ರಿಪೇರಿ. ಬಿರುಕು ಎರಡು ಹಲಗೆಗೆ ಹಬ್ಬಿದ್ದರೆ, ಬಾಗಿಲ ಚೌಕಟ್ಟು ಸೊಟ್ಟಗಾಗಿದ್ದರೆ, ತಳ ಸ್ಕ್ರೂಡ್ರೈವರಿಗೆ ಮಣಿದರೆ ಹೊಸದು. ಸೋರುವ ಒಡಲನ್ನು ಸದ್ಯಕ್ಕೆ ನಡೆಯಲಿ ಎಂದು ಉರಿಸುವುದು ಮಾತ್ರ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಹೊಸದು ತರುವ ಮುನ್ನ ಹಳೆಯದು ಒಡೆಯುವಷ್ಟು ಕೆಂಪಗೆ ಕಾದಿದ್ದರೆ ಅದು ಏಕೆಂದು ಪತ್ತೆ ಹಚ್ಚಿ. ಬಾಗಿಲು ಸೋರುತ್ತಿತ್ತೇ, ಬೂದಿ ತುಂಬಿ ಜಾಲರಿಗೆ ತಂಪುಗಾಳಿ ಸಿಗದೆ ಹೋಯಿತೇ, ಎತ್ತರದ ಕೊಳವೆ ಅತಿಯಾಗಿ ಎಳೆಯುತ್ತಿತ್ತೇ? ಸುಮಾರು 12 ಪ್ಯಾಸ್ಕಲ್ ಸೆಳೆತ ಬಹುತೇಕ ಒಲೆಗಳಿಗೆ ಸಾಕು. ಅದರ ಎರಡರಷ್ಟಿದ್ದರೆ ಕೊಳವೆಯಲ್ಲಿ ಸೆಳೆತ ತಗ್ಗಿಸುವ ಡ್ಯಾಂಪರ್ ಕೂರಿಸಿ, ಆಮೇಲೆ ಹೊಸ ಒಲೆ ಇಡಿ.