"ಇದೊಂದೇ ಆಲ್ಬಮ್, ಇನ್ನು ಸಿಗಲ್ಲ" ಅಂದವನಿಗೆ ದುಡ್ಡು ಕೊಡುವ ಮುಂಚೆ

ಮುಂಬಯಿ, ಠಾಣೆ, ಪುಣೆ ಕಡೆ ಹಾಡಿನ ತಟ್ಟೆ, ಅಂದ್ರೆ ರೆಕಾರ್ಡ್ ಕೊಳ್ಳುವ ಹುಚ್ಚಿರುವವರು ದಯವಿಟ್ಟು ಓದಿ. ಹೋದ ತಿಂಗಳು ನಾನು 9,500 ರೂಪಾಯಿ ಕಳೆದುಕೊಂಡೆ.

ನನ್ನ ತಮ್ಮನಿಗೆ ಹಿಪ್ ಹಾಪ್ ಅಂದ್ರೆ ಪ್ರಾಣ. ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ರಾತ್ರಿಯೆಲ್ಲ ಕೂತು ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ. ಅವನಿಗೆ ಎಲ್ಲಕ್ಕಿಂತ ದೊಡ್ಡ ಆಲ್ಬಮ್ ಮ್ಯಾಡ್‌ವಿಲನಿ. ರ‍್ಯಾಪ್ ಹಾಡುವ ಎಂಎಫ್ ಡೂಮ್ ಮತ್ತು ಸಂಗೀತ ಕಟ್ಟುವ ಮ್ಯಾಡ್‌ಲಿಬ್ ಸೇರಿ ಮ್ಯಾಡ್‌ವಿಲನ್ ಅನ್ನೋ ಹೆಸರಲ್ಲಿ 2004ರಲ್ಲಿ ತಂದಿದ್ದು. 22 ಟ್ರ್ಯಾಕ್, ಮುಕ್ಕಾಲು ಗಂಟೆ, ಅಷ್ಟೇ. ಆ ಜೋಡಿಯ ಎರಡನೇ ಸ್ಟುಡಿಯೋ ಆಲ್ಬಮ್ ಬರುತ್ತೆ ಅಂತ ಜನ ವರ್ಷಗಟ್ಟಲೆ ಕಾದರು. 2020ರಲ್ಲಿ ಡೂಮ್ ತೀರಿಕೊಂಡರು. ತಮ್ಮನ ಹುಟ್ಟುಹಬ್ಬಕ್ಕೆ ಇದರ ರೆಕಾರ್ಡನ್ನೇ ಕೊಡಬೇಕು ಅಂತ ನನಗೆ ಆಸೆ.

ಮೊದಲಾಗಿದ್ದರೆ ಕಾಲಾ ಘೋಡಾದ ಹಳೇ ಮ್ಯೂಸಿಕ್ ಅಂಗಡಿ ರಿದಮ್ ಹೌಸ್‌ಗೆ ಹೋಗಿ ವಿಚಾರಿಸಬಹುದಿತ್ತು. ಅದು 2016ರಲ್ಲೇ ಮುಚ್ಚಿತು. ಇನ್‌ಸ್ಟಾಗ್ರಾಂನಲ್ಲಿ ಹುಡುಕಿದಾಗ ಒಬ್ಬ ಸಿಕ್ಕ. "2004ರ ಮೊದಲ ಪ್ರೆಸ್ಸಿಂಗ್, ಅಂದ್ರೆ ಮೊದಲ ಸಲ ಒತ್ತಿದ ಪ್ರತಿ. ಇದೊಂದೇ ಆಲ್ಬಮ್, ಮಾಡಿದವನೂ ಇಲ್ಲ, ಇನ್ನು ಬರಲ್ಲ. ಇನ್ನಿಬ್ಬರು ಕೇಳ್ತಿದ್ದಾರೆ" ಅಂದ. ಅಲ್ಲೇ ಬಿದ್ದೆ ನಾನು. ಆ ಜೋಡಿಯದು ಒಂದೇ ಸ್ಟುಡಿಯೋ ಆಲ್ಬಮ್ ಅನ್ನೋದು ನಿಜ. ಆದರೆ ಆಲ್ಬಮ್ ಒಂದೇ ಅಂದ ಮಾತ್ರಕ್ಕೆ ಪ್ರತಿ ಸಿಗಲ್ಲ ಅಂತಲ್ಲವಲ್ಲ! ಆಲ್ಬಮ್ ತಂದ ಕಂಪನಿ ಸ್ಟೋನ್ಸ್ ಥ್ರೋ ಅದನ್ನು ಮತ್ತೆ ಮತ್ತೆ ಒತ್ತಿ ಮಾರಿದೆ.

2,000 ಯುಪಿಐ ಮಾಡಿದೆ. ಉಳಿದಿದ್ದು ಕ್ಯಾಶ್ ಬೇಕು ಅಂದ. ದಾದರ್ ಸ್ಟೇಷನ್ನಿನ ಬ್ರಿಡ್ಜ್ ಮೇಲೆ, ಸಂಜೆ ಏಳರ ನೂಕುನುಗ್ಗಲಲ್ಲಿ ಕವರ್ ಕೈಗಿಟ್ಟ. ಪ್ಲಾಸ್ಟಿಕ್ ಸೀಲ್ ಹಾಗೇ ಇತ್ತು. "ಒಡೆದರೆ ಬೆಲೆ ಹೋಗುತ್ತೆ" ಅಂತ ನೋಡಲೂ ಬಿಡಲಿಲ್ಲ.

ಮನೆಯಲ್ಲಿ ತಮ್ಮ ಬಿಚ್ಚಿದ. ಬೂದು ಬಣ್ಣದ ಕವರ್, ಡೂಮ್‌ನ ಲೋಹದ ಮುಖವಾಡ, ಎಲ್ಲ ಸರಿಯಾಗೇ ಇತ್ತು. ಆದರೆ ಮೂಲೆಯ ಪುಟ್ಟ ಕಿತ್ತಳೆ ಚೌಕ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸಣ್ಣ ಅಕ್ಷರಗಳು ಜೆರಾಕ್ಸ್‌ನ ಜೆರಾಕ್ಸ್ ಥರ ಕಲಸಿಹೋಗಿದ್ದವು. ಅವನು ಏನೂ ಅನ್ನಲಿಲ್ಲ. ಮುಳ್ಳು ಇಟ್ಟ. ಎರಡನೇ ಹಾಡಿಗೇ ತಲೆ ಎತ್ತಿದ. "ಅಕ್ಕಾ, ಧ್ವನಿ ಡೂಮ್‌ದೇ. ಆದರೆ ಆಲ್ಬಮ್‌ನಲ್ಲಿರೋದು ಇದಲ್ಲ."

ವಿಷಯ ಏನಂದ್ರೆ, ಆಲ್ಬಮ್ ಮುಗಿಯುವ ಮುಂಚೆಯೇ ಅದರ ಕಚ್ಚಾ ಪ್ರತಿ ಇಂಟರ್ನೆಟ್‌ಗೆ ಸೋರಿತ್ತು. ಆಮೇಲೆ ಡೂಮ್ ದನಿ ತಗ್ಗಿಸಿ, ನಿಧಾನವಾಗಿ ಮತ್ತೆ ಹಾಡಿದರು. ಕೆಲವು ಸಾಲುಗಳನ್ನೂ ಬದಲಿಸಿದರು. ಆ ತಣ್ಣಗಿನ, ಸೋಮಾರಿ ದನಿಯೇ ಈ ಆಲ್ಬಮ್‌ನ ಜೀವ. ನಮ್ಮ ರೆಕಾರ್ಡ್‌ನಲ್ಲಿ ಅರ್ಧ ಹಾಡು ಆ ಸೋರಿದ ಪ್ರತಿಯವು. ಯಾರೋ ಡೌನ್‌ಲೋಡ್ ಮಾಡಿ ಒತ್ತಿಸಿದ್ದಾರೆ. ತಮ್ಮ ಹುಟ್ಟುಹಬ್ಬದ ದಿನ ನನ್ನನ್ನೇ ಸಮಾಧಾನ ಮಾಡಿದ. ಅದು ಇನ್ನೂ ಚುಚ್ಚುತ್ತೆ.

ಹೀಗಾಗಿ, ಸೀಲ್ ಇದ್ದರೂ ನೋಡದೆ ದುಡ್ಡು ಕೊಡಬೇಡಿ. ಹಾಡಿನ ಗೆರೆ ಮುಗಿದ ಮೇಲೆ, ಲೇಬಲ್‌ಗೆ ಮುಂಚೆ ಒಂದು ನುಣುಪಾದ ಪಟ್ಟಿ ಇರುತ್ತೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಕೆತ್ತಿದ ನಂಬರ್ ಕಾಣುತ್ತೆ. ಅದರ ಫೋಟೋವನ್ನು ಮೊದಲೇ ಕೇಳಿ, ರೆಕಾರ್ಡ್‌ಗಳ ವಿವರ ಪಟ್ಟಿ ಮಾಡಿರುವ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ತಾಳೆ ನೋಡಿ. ನಮ್ಮದು ಅಲ್ಲಿನ ಯಾವ ನಂಬರಿಗೂ ಹೊಂದಲಿಲ್ಲ. ಕ್ಯಾಶ್ ಅಂತೂ ಬೇಡವೇ ಬೇಡ. ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ತೋರಿಸಲು ಇದ್ದದ್ದು ಆ 2,000ದ ಸಾಕ್ಷಿ ಮಾತ್ರ. ಅದೂ ಹತ್ತು ದಿನ ತಡವಾಗಿ ಮಾಡಿದೆ. ನಿಮಗೆ ಹೀಗಾದರೆ ಅವತ್ತೇ ಮಾಡಿ.

ಅವನು ನನ್ನನ್ನು ಬ್ಲಾಕ್ ಮಾಡಿದ್ದಾನೆ. ಮೊನ್ನೆ ಬೇರೆ ಹೆಸರಿನ ಖಾತೆಯಲ್ಲಿ ಅದೇ ರೆಕಾರ್ಡ್ ಕಂಡಿತು. ಕೆಳಗೆ ಹಾಸಿದ್ದು ಅದೇ ನೀಲಿ ಚೌಕಳಿ ಬೆಡ್‌ಶೀಟ್, ಅಂಚಿನಲ್ಲಿ ಅದೇ ಇಸ್ತ್ರಿ ಸುಟ್ಟ ಕಲೆ.