ಬಣ್ಣಕ್ಕೆ ಕರೆಯಬಹುದು, ಗೋಡೆ ರಿಪೇರಿಗೆ ಬೇಡ: ದಾವಣಗೆರೆಯ ಪೇಂಟರ್ ಒಬ್ಬರ ಕೆಲಸದ ವಿಮರ್ಶೆ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಪೇಂಟರುಗಳು ಕೈಗೆ ಸಿಗುವುದಿಲ್ಲ. ನೆಂಟರಿಷ್ಟರು ಬರುವ ಮೊದಲೇ ಮನೆಗೆ ಸುಣ್ಣಬಣ್ಣ ಆಗಿರಬೇಕೆಂಬುದು ಈ ಊರಿನ ಹಳೆಯ ರೂಢಿ. ಆ ಗಡಿಬಿಡಿ ಮುಗಿದ ಮೇಲೆ ನಮ್ಮ ಮನೆಯ ಗೋಡೆಗಳ ರಿಪೇರಿಯನ್ನೂ ಒಳಬಣ್ಣವನ್ನೂ ಗುತ್ತಿಗೆ ಹಿಡಿದ ಪೇಂಟರ್ ಒಬ್ಬರ ಕೆಲಸ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಹೇಳುವುದಿಲ್ಲ. ಬಣ್ಣ ಹಚ್ಚಿದ್ದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗೋಡೆ ರಿಪೇರಿಗೆ ಒಂದೇ ಅಂಕ, ಅದೂ ಹೇಳಿದ ಸಮಯಕ್ಕೆ ಬಂದದ್ದಕ್ಕೆ.

ನಮ್ಮ ಮನೆ ಹಿಂದೆ ಗದ್ದೆಯಾಗಿದ್ದ ಎರೆ ನೆಲದ ಮೇಲೆ ಕಟ್ಟಿದ್ದು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಪಾಯ ಎಷ್ಟೇ ಗಟ್ಟಿಯಾಗಿದ್ದರೂ ಗೋಡೆಗಳಲ್ಲಿ ಅಲ್ಲಲ್ಲಿ ಬಿರುಕು ಕಾಣಿಸಿಕೊಳ್ಳುವುದು ಇಂಥ ಬಡಾವಣೆಗಳಲ್ಲಿ ಸಾಮಾನ್ಯ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಒಂದು ಬಿರುಕು, ಕಾಂಕ್ರೀಟ್ ತೊಲೆಯೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ಉದ್ದಕ್ಕೆ ಹರಿದ ಇನ್ನೊಂದು ಬಿರುಕು, ಬಚ್ಚಲುಮನೆಗೆ ಬೆನ್ನು ಕೊಟ್ಟ ಹಾಲಿನ ಗೋಡೆಯಲ್ಲಿ ನೆಲದಿಂದ ಸೊಂಟದೆತ್ತರದವರೆಗೆ ಏರಿದ ತೇವ, ಇವು ಮೂರು ಮುಖ್ಯ ತೊಂದರೆಗಳಾಗಿದ್ದವು. ಮೂರನ್ನೂ ತೋರಿಸಿದೆ. ಮಟೀರಿಯಲ್ ಸಮೇತ ಚದರ ಅಡಿಯ ಲೆಕ್ಕದಲ್ಲಿ ದರ ಮಾತಾಯಿತು, ರಿಪೇರಿಯೂ ಅದರಲ್ಲೇ ಸೇರಿದೆ ಎಂದು ಅವರೇ ಹೇಳಿದರು. ತೇವದ ಗೋಡೆಯ ಬಗ್ಗೆ ಮತ್ತೊಮ್ಮೆ ಕೇಳಿದಾಗ, "ಪುಟ್ಟಿ ಎರಡು ಕೋಟ್ ಬಿದ್ರೆ ಎಲ್ಲಾ ಮುಚ್ಚಿ ಹೊಕ್ಕತಿ ಬಿಡ್ರಿ ಅಣ್ಣಾರೆ" ಎಂದರು. ಪುಟ್ಟಿ ಎಂದರೆ ಬಣ್ಣಕ್ಕೆ ಮೊದಲು ಗೋಡೆಯನ್ನು ನುಣುಪು ಮಾಡಲು ತೆಳ್ಳಗೆ ಎಳೆಯುವ ಬಿಳಿಯ ಲೇಪ. ಅವರು ಹೇಳಿದಂತೆಯೇ ಎಲ್ಲವೂ ಮುಚ್ಚಿಹೋಯಿತು, ಆದರೆ ಯಾವುದೂ ವಾಸಿಯಾಗಲಿಲ್ಲ.

ತೇವದ ಗೋಡೆಗೆ ಅವರು ಮಾಡಿದ ಉಪಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಬಣ್ಣವನ್ನು ತಗಡಿನ ಪಟ್ಟಿಯಿಂದ ಮೇಲೆ ಮೇಲೆ ಕೆರೆದು, ಉಬ್ಬಿದ್ದ ಬಿಳಿಯ ಉಪ್ಪನ್ನು ಒಣ ಬಟ್ಟೆಯಿಂದ ಒರೆಸಿ, ಅದೇ ದಿನ ಪುಟ್ಟಿ ಎಳೆದರು. ಗೋಡೆ ಒಣಗಿದೆಯೇ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟರೆ, ಒಳಗೆ ನೀರಿನ ಹನಿ ಕಟ್ಟಿದೆಯೇ ಇಲ್ಲವೇ ಎಂಬುದರಿಂದಲೇ ಗೊತ್ತಾಗುತ್ತದೆ. ಗಾರೆ ಇಟ್ಟಿಗೆಯನ್ನು ಬಿಟ್ಟಿದೆಯೇ ಎಂದು ತಿಳಿಯಲು ಬೆರಳ ಗಿಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಿದರೆ ಸಾಕು. ಇವೆರಡನ್ನೂ ಅವರು ಮಾಡಲಿಲ್ಲ. ಇಟ್ಟಿಗೆಯ ಒಳಗಿನ ನೀರು ಹೊರಗೆ ಬರುವಾಗ ತನ್ನಲ್ಲಿ ಕರಗಿದ ಉಪ್ಪನ್ನೂ ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಹರಳುಗಟ್ಟಿ ಮೇಲಿನ ಪದರವನ್ನು ಒಳಗಿನಿಂದ ದೂಡುತ್ತದೆ. ಹೀಗಿರುವಾಗ ನೀರಿನ ಮೂಲವನ್ನು ನಿಲ್ಲಿಸದೆ ಎಷ್ಟು ದುಬಾರಿ ಪುಟ್ಟಿ ಹಾಕಿದರೂ ಗೋಡೆ ಅದನ್ನು ಉಳಿಸಿಕೊಳ್ಳುವುದಿಲ್ಲ. ಮುಂದಿನ ಮಳೆಗಾಲ ಬರುವುದಕ್ಕೂ ಮೊದಲೇ ಗೋಡೆಯ ಬುಡದ ಅಂಚುಪಟ್ಟಿಯ (ಸ್ಕರ್ಟಿಂಗಿನ) ಮೇಲೆ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಮೀಟಿದಾಗ ಬಣ್ಣವೂ ಪುಟ್ಟಿಯೂ ಕೂಡಿಯೇ ಹಪ್ಪಳದಂತೆ ಮೇಲೆದ್ದು ಬಂದವು. ಅದರ ಹಿಂಬದಿ ಹಸಿಹಸಿಯಾಗಿತ್ತು, ಗೋಡೆಯ ಮೇಲೆ ಹತ್ತಿಯ ಎಳೆಗಳಂಥ ಬಿಳಿಯ ಉಪ್ಪು ಕೂತಿತ್ತು, ಒತ್ತಿದರೆ ಗಾರೆಯ ಮರಳು ಬೆರಳಿಗೆ ಅಂಟುತ್ತಿತ್ತು.

ಬಿರುಕುಗಳ ಕಥೆಯೂ ಬೇರೆಯಲ್ಲ. ಬಿರುಕನ್ನು 'ವಿ' ಆಕಾರದಲ್ಲಿ ಕೊರೆದು ಅಗಲ ಮಾಡಿ, ದೂಳು ತೆಗೆದು, ಸ್ವಲ್ಪ ಬಾಗುವ ಗುಣವುಳ್ಳ ಕ್ರ್ಯಾಕ್ ಫಿಲ್ಲರ್ ತುಂಬಬೇಕಾಗುತ್ತದೆ. ತೊಲೆ ಮತ್ತು ಇಟ್ಟಿಗೆ ಕೂಡುವ ಜಾಗದಲ್ಲಂತೂ ಬಿಸಿಲಿಗೆ ಕಾಂಕ್ರೀಟ್ ಹಿಗ್ಗುವ ಪ್ರಮಾಣವೇ ಬೇರೆ, ಇಟ್ಟಿಗೆಯದೇ ಬೇರೆ; ಆದ್ದರಿಂದ ಅಲ್ಲಿ ಫೈಬರ್ ಮೆಶ್ (ನಾರಿನ ಬಲೆ) ಪಟ್ಟಿಯನ್ನೋ ಚಿಕನ್ ಮೆಶ್ (ತೆಳು ತಂತಿಯ ಬಲೆ) ಅನ್ನೋ ಕೂರಿಸದೆ ಮುಚ್ಚಿದರೆ ಒಂದು ಬೇಸಿಗೆಗೇ ಬಾಯಿ ಬಿಡುತ್ತದೆ. ಇವರು ಕೊರೆಯಲೂ ಇಲ್ಲ, ಮೆಶ್ಶಿನ ಮಾತನ್ನೂ ಎತ್ತಲಿಲ್ಲ. ಪುಟ್ಟಿ ಚೀಲಗಳ ಮೇಲೆಯೇ ಅದನ್ನು ಒಟ್ಟು ಒಂದೂವರೆ ಮಿಲಿಮೀಟರಿಗಿಂತ ದಪ್ಪ ಹಾಕಬಾರದೆಂದು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಇಲ್ಲಿ ತೊಲೆಯ ಕೆಳಗಿನ ತಗ್ಗನ್ನು ಬರೀ ಪುಟ್ಟಿಯಿಂದಲೇ ತುಂಬಿದ್ದರಿಂದ ಅದು ಒಣಗುವಾಗಲೇ ಸೀಳಿತು. ಕಲಸಿದ ಪುಟ್ಟಿಯನ್ನು ಎರಡು-ಮೂರು ಗಂಟೆಯೊಳಗೆ ಬಳಸಿ ಮುಗಿಸಬೇಕು. ಬೆಳಿಗ್ಗೆ ಕಲಸಿ ಗಟ್ಟಿಯಾಗತೊಡಗಿದ್ದನ್ನು ಊಟದ ನಂತರ ಮತ್ತೆ ನೀರು ಹಾಕಿ ಮೆತ್ತಗೆ ಮಾಡಿ ಎಳೆದದ್ದನ್ನು ನಾನು ನೋಡಿ ಕೇಳಿದಾಗ, "ದಿನಾ ಮಾಡೋದೇ ಹಿಂಗ ರೀ" ಎಂಬ ಉತ್ತರ ಬಂತು. ಆ ಭಾಗದ ಮೇಲೆ ಇಂದು ಅಂಗೈ ಆಡಿಸಿದರೆ ಬಿಳಿಯ ಪುಡಿ ಬರುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಗೋಡೆ ಗಟ್ಟಿಯಿದ್ದ ಎರಡು ಕೋಣೆಗಳಲ್ಲಿ ಇದೇ ಮನುಷ್ಯ ಮಾಡಿದ ಕೆಲಸ ಚೊಕ್ಕವಾಗಿದೆ. ಸೂರಿನ ಅಂಚಿಗೆ ಎಳೆದ ಗೆರೆ ಎಲ್ಲಿಯೂ ಡೊಂಕಿಲ್ಲ, ಮೊಬೈಲಿನ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡಿದರೂ ಏರುತಗ್ಗು ಕಾಣುವುದಿಲ್ಲ, ರೋಲರಿನ ಗುರುತಿಲ್ಲ. ಸ್ವಿಚ್ ಬೋರ್ಡು ಮತ್ತು ಗ್ರಾನೈಟ್ ನೆಲವನ್ನು ಸರಿಯಾಗಿ ಮುಚ್ಚದೆ ಅಲ್ಲಲ್ಲಿ ಹನಿ ಬೀಳಿಸಿದ್ದನ್ನು ಬಿಟ್ಟರೆ ದೂರಲು ಹೆಚ್ಚೇನಿಲ್ಲ. ಬಣ್ಣದ ಡಬ್ಬಿಯೊಳಗೆ ಪೇಂಟರಿಗೆಂದು ಕಂಪನಿಗಳು ಇಡುವ ಟೋಕನ್ನಿನ ಆಸೆಗೆ ಅವರು ಒಂದೇ ಬ್ರ್ಯಾಂಡಿಗೆ ಹಟ ಹಿಡಿದದ್ದೂ ನನಗೆ ದೊಡ್ಡ ತಪ್ಪಾಗಿ ತೋರಲಿಲ್ಲ. ಆ ಪದ್ಧತಿ ಮಾಡಿದವರು ಅವರಲ್ಲ. ಹಸಿ ಗೋಡೆಯನ್ನು ನೋಡಿದಾಗ "ಇದು ನನ್ನ ಕೆಲಸ ಅಲ್ಲ, ಗಾರೆ ಮೇಸ್ತ್ರಿಯನ್ನು ಕರೆಸಿ" ಎಂದು ಹೇಳದಿದ್ದುದೇ ನನ್ನ ಮುಖ್ಯ ಆಕ್ಷೇಪ. ಹೇಳಿದ್ದರೆ ಚದರ ಅಡಿಯ ಲೆಕ್ಕದಲ್ಲಿ ಅವರಿಗೆ ಒಂದು ಗೋಡೆ ಕಡಿಮೆಯಾಗುತ್ತಿತ್ತು, ಅಷ್ಟೇ.

ದೂರು ಹೇಳಿದ ಮೇಲೆ "ನಾಳೆ ಬರ್ತೀನಿ" ಎಂಬ ಮಾತು ಹಲವು ಸಲ ಕೇಳಿಬಂತು. ಕೊನೆಗೆ ಬಂದವರು ಗುಳ್ಳೆಯೆದ್ದ ಜಾಗವನ್ನಷ್ಟೇ ಕೆರೆದು, ಮತ್ತೆ ಪುಟ್ಟಿ ತುಂಬಿ, ಉಳಿದಿದ್ದ ಬಣ್ಣವನ್ನು ಅಲ್ಲಿಗೆ ಮಾತ್ರ ಹಚ್ಚಿ ಹೋದರು. ಎಮಲ್ಷನ್ ಬಣ್ಣವನ್ನು ಹೀಗೆ ತೇಪೆಯಾಗಿ ಹಚ್ಚಿದರೆ ಡಬ್ಬಿ ಅದೇ ಆಗಿದ್ದರೂ ಹೊಳಪು ಬೇರೆಯಾಗಿ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಒಂದು ಕೋಟ್ ಹೊಡೆಯುವುದೇ ಸರಿಯಾದ ಕ್ರಮ. ಸಂಜೆ ದೀಪ ಹಾಕಿದರೆ ರಿಪೇರಿ ಎಲ್ಲೆಲ್ಲಿ ಆಗಿದೆ ಎಂದು ಮನೆಗೆ ಮೊದಲ ಸಲ ಬಂದವರೂ ತೋರಿಸುವಂತಾಗಿತ್ತು.

ಆಮೇಲೆ ಕರೆಸಿದ ಗಾರೆ ಮೇಸ್ತ್ರಿ ಹಾಲಿನ ಗೋಡೆಯನ್ನು ನೋಡುವ ಮೊದಲು ಬಚ್ಚಲುಮನೆಗೆ ಹೋದರು. ಟೈಲ್ಸ್ ನಡುವಿನ ಸಂದುಗಳ ಗ್ರೌಟ್ ಉದುರಿತ್ತು, ನಲ್ಲಿಯ ಹಿಂದಿನ ಪೈಪಿನ ಎಲ್ಬೋ ಸಣ್ಣಗೆ ಜಿನುಗುತ್ತಿತ್ತು. ಎರಡನ್ನೂ ಸರಿಪಡಿಸಿದ ಮೇಲೆ, ಹಾಲಿನ ಕಡೆಯ ಟೊಳ್ಳು ಗಾರೆಯನ್ನು ತೇವದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಇಟ್ಟಿಗೆ ಕಾಣುವಂತೆ ಒಡೆದು ತೆಗೆದು, ಉಪ್ಪನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಒಣಗಲು ಬಿಟ್ಟು, ನಂತರ ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿದ ಸಿಮೆಂಟ್ ಗಾರೆ ಹಾಕಿ ವಾರದವರೆಗೆ ನೀರುಣಿಸಿದರು. ಹೊಸ ಗಾರೆಗೆ ಕನಿಷ್ಠ 28 ದಿನ ಕಳೆಯದೆ ಪುಟ್ಟಿಯನ್ನಾಗಲಿ ಪ್ರೈಮರನ್ನಾಗಲಿ ಮುಟ್ಟಿಸಬಾರದೆಂದು ಎಚ್ಚರಿಸಿಯೇ ಹೋದರು.

ಹಣದ ವಿಷಯದಲ್ಲಿ ನನಗೆ ಅನುಕೂಲವಾದದ್ದು ಒಂದು ಭಾಗವನ್ನು ಕೊನೆಗೆ ಕೊಡುವುದಾಗಿ ಉಳಿಸಿಕೊಂಡದ್ದು. ಮೇಸ್ತ್ರಿಯ ಕೂಲಿಯನ್ನೂ ಸಾಮಗ್ರಿಯ ಖರ್ಚನ್ನೂ ಅದರಲ್ಲಿ ಕಳೆದು ಉಳಿದದ್ದನ್ನು ಕೊಟ್ಟೆ. ಮುಖ ಸಪ್ಪಗೆ ಮಾಡಿಕೊಂಡೇ ಆದರೂ ಅವರು ಒಪ್ಪಿದರು. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ದಾರಿ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಪಡೆದು ಮಾಡಿದ ಸೇವೆಯ ನ್ಯೂನತೆಗೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಪೇಂಟರುಗಳು ಬಿಲ್ಲು ಕೊಡುವುದು ಅಪರೂಪವಾದ್ದರಿಂದ ದರ, ರಿಪೇರಿಯ ವಿವರ, ಎಷ್ಟು ಕೋಟ್ ಎಂಬುದನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಂಡು, ಹಣವನ್ನು ಯುಪಿಐ ಮೂಲಕ ಕೊಟ್ಟು, ಕೆಲಸಕ್ಕೆ ಮೊದಲಿನ ಗೋಡೆಯ ಫೋಟೊ ಇಟ್ಟುಕೊಂಡಿರದಿದ್ದರೆ ಆಯೋಗದ ಮುಂದೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಹೊಸ ಮನೆಗೋ ಗಟ್ಟಿ ಗೋಡೆಯ ಹಳೆಯ ಮನೆಗೋ ಬಣ್ಣ ಹಚ್ಚಿಸುವವರು ಕೇಳಿದರೆ ಇವರ ನಂಬರನ್ನು ನಾನು ಈಗಲೂ ಕೊಡುತ್ತೇನೆ. ನಮ್ಮ ಹಾಲಿನ ಗೋಡೆಯ ಗಾರೆ ಪೂರ್ತಿ ಒಣಗಿದ ಮೇಲೆ ಬಣ್ಣಕ್ಕೆ ಇವರನ್ನೇ ಕರೆಯುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಹಿಂದಿನ ದಿನ ನಾನೇ ಅಂಟಿಸಿಡುತ್ತೇನೆ, ಮತ್ತು ರಿಪೇರಿಯ ಬಾಬತ್ತು ಈ ಸಲದ ದರದಲ್ಲಿ ಸೇರಿರುವುದಿಲ್ಲ.