ಬೆನ್ನಿನ ಗಂಟಿನ ತಪಾಸಣೆ: ಮೈಸೂರಿನ ಒಂದು ರೋಗನಿರ್ಣಯ ಕೇಂದ್ರದ ಸೇವೆ

ಸ್ಕ್ಯಾನ್ ಮಾಡಿದ ರೇಡಿಯಾಲಜಿಸ್ಟ್ ಮತ್ತು ಅಂಗಾಂಶದ ತುಣುಕನ್ನು ಸ್ಲೈಡ್‌ನಲ್ಲಿ ನೋಡುವ ಪೆಥಾಲಜಿಸ್ಟ್ ಒಬ್ಬರನ್ನೊಬ್ಬರು ಕೇಳಿಕೊಂಡು ವರದಿ ಬರೆಯುತ್ತಾರೆ ಎಂಬ ಕಾರಣಕ್ಕೆ ಈ ಕೇಂದ್ರದ ಸೇವೆಯನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಅಮ್ಮನಿಗೆ ಬಲ ಹೆಗಲಮೂಳೆಯ ಕೆಳತುದಿಯ ಬಳಿ ಗಂಟು ಕಾಣಿಸಿಕೊಂಡಿತ್ತು. ಬೇರೆಡೆ ಕೈಯನ್ನು ಇಳಿಬಿಟ್ಟು ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಅದನ್ನು ಕೊಬ್ಬಿನ ಗಂಟು ಎಂದಷ್ಟೇ ಬರೆದಿದ್ದರು. ಇಲ್ಲಿ ಆ ಕೈಯನ್ನು ಮುಂದಕ್ಕೆ ಚಾಚಿ ಎದುರು ಹೆಗಲನ್ನು ಹಿಡಿಯಲು ಹೇಳಿದಾಗ, ಮೂಳೆಯ ಅಡಿ ಅಡಗಿದ್ದ ಭಾಗವೂ ಹೊರಬಂದು, ಅದರೊಳಗಿನ ಪದರ ಪದರವಾದ ಗೆರೆಗಳು ಸ್ಪಷ್ಟವಾಗಿ ಕಂಡವು. ಎಂಆರ್‌ಐನಲ್ಲಿ ಪಕ್ಕೆಲುಬುಗಳಿಗೂ ಬೆನ್ನಿನ ಸ್ನಾಯುಗಳಿಗೂ ನಡುವೆ, ಸ್ನಾಯುವಿನಷ್ಟೇ ಮಂಕಾದ ನಾರಿನ ಅಂಗಾಂಶದಲ್ಲಿ ಕೊಬ್ಬಿನ ಎಳೆಗಳು ಹಾದುಹೋಗಿದ್ದವು. ಯಾರ ಗಮನಕ್ಕೂ ಬಾರದಿದ್ದ ಇನ್ನೊಂದು ಚಿಕ್ಕ ಗಂಟು ಎಡಬದಿಯಲ್ಲಿಯೂ ಇತ್ತು. ಐವತ್ತು ದಾಟಿದ ಮಹಿಳೆಯಲ್ಲಿ ಇದೇ ಜಾಗದಲ್ಲಿ, ಎರಡೂ ಬದಿಗಳಲ್ಲಿ ಇಂಥ ಚಿತ್ರ ಕಂಡರೆ ಅದು ಬಹುಮಟ್ಟಿಗೆ ಎಲಾಸ್ಟೋಫೈಬ್ರೋಮಾ ಡಾರ್ಸಿ, ಅಂದರೆ 1961ರಲ್ಲಿ ಫಿನ್ಲೆಂಡಿನ ವೈದ್ಯರಾದ ಯಾರ್ವಿ ಮತ್ತು ಸಾಕ್ಸೆನ್ ವಿವರಿಸಿದ, ಕ್ಯಾನ್ಸರ್ ಅಲ್ಲದ ಗಂಟು. ಚಿತ್ರ ಇಷ್ಟು ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಬಯಾಪ್ಸಿ ಬೇಕಾಗುವುದಿಲ್ಲ ಎಂದು ಕೇಂದ್ರದವರೇ ಮೊದಲು ಹೇಳಿದ್ದು ನನಗೆ ಬಹಳ ಹಿಡಿಸಿತು.

ಆದರೂ ಬಲಬದಿಯ ಗಂಟು 5 ಸೆಂ.ಮೀ.ಗಿಂತ ದೊಡ್ಡದಾಗಿ ಆಳದಲ್ಲಿದ್ದು, ಅದರ ಒಂದು ಭಾಗ ಚಿತ್ರ ಸ್ಪಷ್ಟವಾಗಲು ಚುಚ್ಚುವ ಕಾಂಟ್ರಾಸ್ಟ್ ಔಷಧವನ್ನು ಹೆಚ್ಚಾಗಿ ಹೀರಿಕೊಂಡಿದ್ದರಿಂದ, ಸಾರ್ಕೋಮಾ (ಮೃದು ಅಂಗಾಂಶದ ಕ್ಯಾನ್ಸರ್) ಅಲ್ಲವೆಂದು ಖಚಿತಪಡಿಸಿಕೊಳ್ಳಲು, ಸೂಜಿಯಿಂದ ತುಣುಕು ತೆಗೆಯುವ ಕೋರ್ ಬಯಾಪ್ಸಿ ಮಾಡಿದರು. ಸೂಜಿಯ ದಾರಿಯನ್ನು ಮೊದಲೇ ಶಸ್ತ್ರಚಿಕಿತ್ಸಕರೊಂದಿಗೆ ಗೊತ್ತುಮಾಡಿಕೊಂಡಿದ್ದರು. ಒಂದು ವೇಳೆ ಅದು ಕ್ಯಾನ್ಸರೇ ಆಗಿದ್ದರೆ ಆ ದಾರಿಯನ್ನೂ ಗಂಟಿನೊಂದಿಗೆ ತೆಗೆಯಬೇಕಾಗುತ್ತದೆ. ಇಂಥ ಗಂಟಿನ ತುಣುಕು, ಸ್ಲೈಡ್‌ಗೆ ಹಾಕುವ ಸಾಮಾನ್ಯ ಬಣ್ಣದಲ್ಲಿ ಬರೀ ಗಾಯದ ಕಲೆಯಂಥ ಅಂಗಾಂಶ ಮತ್ತು ಕೊಬ್ಬಿನಂತೆ ಕಾಣುವುದರಿಂದ, ಸ್ಕ್ಯಾನ್ ನೋಡದ ಪೆಥಾಲಜಿಸ್ಟ್ ಮಾದರಿ ಸಾಲದು ಎಂದು ಬರೆದುಬಿಡುವ ಸಾಧ್ಯತೆಯಿದೆ. ಇಲ್ಲಿ ಸ್ಕ್ಯಾನ್ ನೋಡಿದ್ದರಿಂದಲೇ ಎಲಾಸ್ಟಿಕ್ ನಾರುಗಳನ್ನು ಎತ್ತಿ ತೋರಿಸುವ ವೆರ್ಹೋಫ್ ಎಂಬ ವಿಶೇಷ ಬಣ್ಣವನ್ನು ಕೇಳಿ ಹಾಕಿಸಿದರು. ಅದರಲ್ಲಿ ಮಣಿಗಳಂತೆ ತುಂಡಾದ ಎಲಾಸ್ಟಿಕ್ ನಾರುಗಳು ಕಪ್ಪಗೆ ಎದ್ದು ಕಂಡವು ಎಂದು ವರದಿಯಲ್ಲಿ ವಿವರಿಸಿದ್ದಾರೆ. ಅಮ್ಮನಿಗೆ ನೋವು ಹೆಚ್ಚಿಲ್ಲದ ಕಾರಣ ಶಸ್ತ್ರಚಿಕಿತ್ಸೆ ಬೇಡವೆಂದು ತೀರ್ಮಾನವಾಯಿತು.

ಕೊರತೆಗಳೂ ಇವೆ. ವಿಶೇಷ ಬಣ್ಣದ ಶುಲ್ಕವನ್ನು ಮೊದಲೇ ತಿಳಿಸಲಿಲ್ಲ, ಅಂತಿಮ ವರದಿ ತಡವಾದಾಗ ಕೌಂಟರಿನಲ್ಲಿ ಸರಿಯಾದ ಉತ್ತರ ಸಿಗಲಿಲ್ಲ. ಕ್ಯಾನ್ಸರ್ ಇರಬಹುದೇ ಎಂಬ ಆತಂಕದಲ್ಲಿ ಕಾಯುವ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್‌ಗಳನ್ನು (ಮೇಣದಲ್ಲಿ ಕಾಪಿಟ್ಟ ತುಣುಕುಗಳನ್ನು) ಕೇಳಿದರಷ್ಟೇ ಕೊಡುತ್ತಾರೆ. ಬೇರೆ ಪೆಥಾಲಜಿಸ್ಟರ ಅಭಿಪ್ರಾಯ ಪಡೆಯಲು ಅವು ಬೇಕೇ ಬೇಕು, ಆದ್ದರಿಂದ ವರದಿ ತೆಗೆದುಕೊಳ್ಳುವ ದಿನವೇ ಎಂಆರ್‌ಐ ಸಿಡಿಯೊಂದಿಗೆ ಅವನ್ನೂ ಕೇಳಿ ಪಡೆಯಿರಿ.